ಪದ ನಿಂತ ಜಾಗ

ಬೀರುವಿನ ಬೀಗ ಮುರಿದಿರಲಿಲ್ಲ. ಒಳಗಿದ್ದ ನೋಟ್‌ಬುಕ್ ಮಾತ್ರ ಇರಲಿಲ್ಲ.

ಆದಿಲಕ್ಷ್ಮಮ್ಮ ಎಲ್ಲ ಅರೆಗಳನ್ನೂ ಎರಡೆರಡು ಸಲ ತಡಕಿದರು. ಕೋಲಾರದ ಆ ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವರ ಕೆಲಸ. ಒಂದಕ್ಷರ ತಪ್ಪಿದರೂ ನಿದ್ದೆ ಬಾರದ ಸ್ವಭಾವ. ಈಗ ಇಡೀ ಪುಸ್ತಕವೇ ಹೋಗಿತ್ತು.

1979ರ ಫೆಬ್ರವರಿ. ಆವನಿಯ ಮುನಿಯಲ್ಲಮ್ಮ ರಾಗಿ ಬೀಸುತ್ತಾ ಹಾಡಿದ ಪದಗಳನ್ನು ಶ್ಯಾಮಲಾ ಎಂಬ ಎಂ.ಎ. ಓದುವ ಹುಡುಗಿ ಆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಜಾನಪದ ಪುಸ್ತಕಮಾಲೆಯಲ್ಲಿ ಆ ವರ್ಷಕ್ಕೆ ಅದೊಂದೇ ಪುಸ್ತಕ. ಸಂಕ್ರಾಂತಿ ಕಳೆದ ವಾರ ಮುನಿಯಲ್ಲಮ್ಮ ತೀರಿಕೊಂಡಿದ್ದರು. ಬೇರೆ ಪ್ರತಿ ಇರಲಿಲ್ಲ.

"ಮೊದಲನೇ ಪುಟದಲ್ಲಿ ನಿಮ್ಮ ಹೆಸರಿರುತ್ತೆ ಅಂತ ಮುನಿಯಲ್ಲಮ್ಮನವರಿಗೆ ಮಾತು ಕೊಟ್ಟಿದ್ದೆ ಅಕ್ಕಾ," ಎಂದಳು ಶ್ಯಾಮಲಾ. ಅಳಲಿಲ್ಲ. ಅದೇ ಆದಿಲಕ್ಷ್ಮಮ್ಮನವರಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮಾಲೆಯ ಸಂಪಾದಕ ವೆಂಕಟರಾಯಪ್ಪ ಬಂದರು. ಕಾಲೇಜಿನ ಹಿರಿಯ ಅಧ್ಯಾಪಕರು.

"ಬೀರುವಿಗೆ ಎರಡೇ ಬೀಗದ ಕೈ. ಒಂದು ನನ್ನ ಹತ್ರ. ಇನ್ನೊಂದು ಇವನ ಹತ್ರ." ಅಚ್ಚಿನ ಮೊಳೆ ಜೋಡಿಸುತ್ತಿದ್ದ ಗಂಗುಲಪ್ಪನ ಕಡೆ ಕೈ ತೋರಿಸಿದರು. "ರದ್ದಿ ಜೊತೆ ಮಾರಿಬಿಟ್ಯೇನ್ಲಾ?"

"ಅಯ್ಯೋ ದೇವುಡಾ! ಇಪ್ಪತ್ತು ವರ್ಷದಿಂದ ಅಕ್ಷರ ಮುಟ್ಟಿದ ಕೈ ಸಾರ್ ಇದು."

"ಸೋಮವಾರದೊಳಗೆ ಸಿಗದಿದ್ರೆ ಪೊಲೀಸ್ ಕಂಪ್ಲೇಂಟೇ."

* * *

ಆದಿಲಕ್ಷ್ಮಮ್ಮ ರದ್ದಿ ಅಂಗಡಿಗೆ ಹೋದರು. ಅಚ್ಚುಕೂಟದಿಂದ ಬಂದ ಮೂಟೆ ಬಿಚ್ಚಿಸಿದರು. ಹಾಳೆ ಹಾಳೆ ನೋಡಿದರು.

"ಕಡ್ಲೇಕಾಯಿ ಪೊಟ್ಣಾನೂ ಬಿಚ್ಲಾ ಅಮ್ಮಾ?" ಎಂದು ಅಂಗಡಿಯವನು ಹಂಗಿಸಿದ.

"ಬಿಚ್ಚಪ್ಪ."

ಅಲ್ಲೂ ಇರಲಿಲ್ಲ.

ಗುರುವಾರ ವೆಂಕಟರಾಯಪ್ಪ ತಮ್ಮದೇ ಒಂದು ಹಸ್ತಪ್ರತಿ ತಂದುಕೊಟ್ಟರು. "ಮಾಲೆ ನಿಲ್ಲಬಾರದು. ಶ್ರೀನಿವಾಸಪುರದಲ್ಲಿ ನಮ್ಮಜ್ಜಿ ಹಾಡ್ತಿದ್ದ ಪದಗಳು. ಹತ್ತು ವರ್ಷದ ಹಿಂದೆ ಬರಕೊಂಡಿದ್ದೆ."

ಆದಿಲಕ್ಷ್ಮಮ್ಮ ಮೊದಲ ಪದ ಓದಿದರು. ತಲೆ ಎತ್ತಿದರು. "ಇದು ಮುನಿಯಲ್ಲಮ್ಮನವರ ಪದ ಅಲ್ವಾ ಸಾರ್?"

ಅವರು ನಕ್ಕರು. "ಜನಪದ ಕಣಮ್ಮ. ಊರೂರಲ್ಲೂ ಅದೇ ಪದ. ಯಾರಪ್ಪನ ಸ್ವತ್ತೂ ಅಲ್ಲ."

ಮಾತು ಸುಳ್ಳಲ್ಲ. ಆದರೆ ನುಡಿಗಳ, ಅಂದರೆ ಪದದ ಚರಣಗಳ, ನಡುವೆ ಬಿಟ್ಟ ಜಾಗ ಅವರ ಕಣ್ಣಿಗೆ ಚುಚ್ಚಿತು. ಒಂದು ನುಡಿಗೆ ಮೂರು ಸಾಲು. ಇನ್ನೊಂದಕ್ಕೆ ಎರಡು. ಒಂದು ಕಡೆ 'ಕೆರೆಯ ಏರಿಯ ಮೇಲೆ' ಎಂಬಲ್ಲಿಗೇ ನುಡಿ ಮುಗಿದಿತ್ತು. 'ನನ್ನಣ್ಣ ಬಂದಾನೇನ' ಕೆಳಗಿನ ನುಡಿಗೆ ಹೋಗಿತ್ತು.

ಹಸ್ತಪ್ರತಿ ಹಿಡಿದು ಮನೆಗೆ ಓಡಿದರು. ಕಳುವಿಗೆ ಮುಂಚೆ ಶ್ಯಾಮಲಾಳ ಮೊದಲ ಪದವನ್ನು ಗಂಗುಲಪ್ಪ ಜೋಡಿಸಿದ್ದ. ತಿದ್ದಲು ತಂದಿದ್ದ ಆ ಒಂದು ಕರಡು ಅವರ ಮೇಜಿನ ಮೇಲೇ ಇತ್ತು. ಹಸ್ತಪ್ರತಿಯಲ್ಲಿ ಜಾಗ ಬಿಟ್ಟ ಕಡೆಯೆಲ್ಲ ಕರಡಿನಲ್ಲಿ ಒಂದೊಂದು ಚಿಕ್ಕ ಸೊನ್ನೆ. ಇದೇನು ಎಂದು ಹಿಂದಿನ ವಾರ ಅವರೇ ಕೇಳಿದ್ದರು. "ಕಲ್ಲಿಗೆ ರಾಗಿ ಹಾಕುವಾಗ ಪದ ನಿಲ್ತಿತ್ತಕ್ಕ. ಅದರ ಗುರುತು," ಎಂದಿದ್ದಳು ಶ್ಯಾಮಲಾ.

ಈ ಸಾಕ್ಷಿ ಸಾಲದು. ತಮ್ಮಜ್ಜಿಯೂ ಅಲ್ಲೇ ನಿಲ್ಲಿಸುತ್ತಿದ್ದಳು ಎಂದು ವೆಂಕಟರಾಯಪ್ಪ ಅಂದರೆ?

* * *

ಭಾನುವಾರ ಬಸ್ಸು ಹತ್ತಿ ಆವನಿಗೆ ಹೋದರು. ಮುನಿಯಲ್ಲಮ್ಮನ ಮಗಳು ಬೈರಮ್ಮ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಆದಿಲಕ್ಷ್ಮಮ್ಮ ಕರಡಿನ ಸೊನ್ನೆಗಳನ್ನು ತೋರಿಸಿ ವಿವರಿಸಿದರು.

"ನಿಲ್ಲಿಸ್ತಿದ್ಲಾ? ನಮ್ಮಮ್ಮನಾ?" ಬೈರಮ್ಮನ ಕತ್ತಿ ನಿಂತಿತು. "ಓದಿದೋರು ಕಣಮ್ಮ ನೀವು! ಒಂದು ಕೈ ಕಲ್ಲು ತಿರುಗಿಸ್ತದೆ, ಇನ್ನೊಂದು ಕೈ ರಾಗಿ ಹಾಕ್ತದೆ. ಕಲ್ಲೂ ನಿಲ್ಲಲ್ಲ, ಪದಾನೂ ನಿಲ್ಲಲ್ಲ."

"ಮತ್ತೆ ಶ್ಯಾಮಲಾ ಬರೆದದ್ದು?"

ಬೈರಮ್ಮ ಕತ್ತಿ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು. "ಆ ಹುಡುಗಿ ಬಂದ ಹಿಂದಿನ ದಿನ ಅಮ್ಮ ರಾಗಿ ಕುಯ್ಯುವಾಗ ಎಡಗೈ ಕುಯ್ಕೊಂಡಿದ್ಲು. ಬಟ್ಟೆ ಕಟ್ಟಿದ್ದೆ. ಬ್ಯಾಡ ಕಣಮ್ಮ ಅಂದೆ. ಪಾಪ, ದೂರದಿಂದ ಬಂದವ್ಳೆ ಅಂತ ಬಲಗೈ ಒಂದರಲ್ಲೇ ಬೀಸಿದ್ಲು. ರಾಗಿ ಹಾಕ್ಬೇಕಂದ್ರೆ ಕಲ್ಲು ನಿಲ್ಲಿಸ್ಬೇಕಲ್ಲ."

* * *

ಸೋಮವಾರ ಗಂಗುಲಪ್ಪ ಕೆಲಸಕ್ಕೆ ಕೈ ಹಚ್ಚದೆ ಗೋಡೆಗೊರಗಿ ನಿಂತಿದ್ದ. ಶ್ಯಾಮಲಾ ಬಂದಿದ್ದಳು. ಬೈರಮ್ಮನೂ ಬಂದಿದ್ದಳು.

"ಸಾರ್, ಇಲ್ಲಿ ಅರ್ಧ ಸಾಲಿಗೇ ಜಾಗ ಬಿಟ್ಟಿದೀರಿ," ಎಂದರು ಆದಿಲಕ್ಷ್ಮಮ್ಮ.

"ನಮ್ಮಜ್ಜಿ ಅಲ್ಲೇ ನಿಲ್ಲಿಸ್ತಿದ್ಲು. ಪಕ್ಕದಲ್ಲೇ ಕೂತು ಬರೆದವನು ನಾನು."

"ಎಲ್ಲ ಕಡೆಯೂ ಹಾಗೇನಾ ಸಾರ್?"

"ಕೇಳಿದ ಹಾಗೇ ಬರೆದಿದೀನಿ."

"ನಿಮ್ಮ ಅಜ್ಜಿಗೆ ಎರಡೂ ಕೈ ಸರಿಯಿತ್ತಾ ಸಾರ್?"

"ಸರಿಯಾಗೇ ಇತ್ತು. ಯಾಕೆ?" ಎಂದರು ವೆಂಕಟರಾಯಪ್ಪ.

ಆದಿಲಕ್ಷ್ಮಮ್ಮ ಕರಡನ್ನು ಹಸ್ತಪ್ರತಿಯ ಪಕ್ಕದಲ್ಲಿಟ್ಟರು. "ಪದ ಊರೂರಲ್ಲೂ ಇರಬಹುದು. ಪದ ನಿಂತ ಜಾಗ ಬೇರೆಲ್ಲೂ ಇರಲ್ಲ. ಎರಡು ಕೈಯಲ್ಲಿ ಬೀಸೋರು ನಿಲ್ಲಿಸೋದೇ ಇಲ್ಲ. ಮುನಿಯಲ್ಲಮ್ಮನವರ ಒಂದು ಕೈ ಕುಯ್ದುಹೋಗಿತ್ತು. ಆ ಒಂದು ಬೆಳಿಗ್ಗೆ, ಈ ಒಂದು ಪದದಲ್ಲಿ ಹನ್ನೊಂದು ಸಲ ನಿಲ್ಲಿಸಿದ್ರು. ನೀವು ಹನ್ನೊಂದು ಕಡೆ ಜಾಗ ಬಿಟ್ಟಿದೀರಿ, ಅದೇ ಹನ್ನೊಂದು ಕಡೆ. ನೋಟ್‌ಬುಕ್ಕಿನ ಸೊನ್ನೆ ನೋಡಿ ನುಡಿ ಮುಗೀತು ಅಂದ್ಕೊಂಡ್ರಿ. ನೀವು ಬೀಸೋ ಕಲ್ಲಿನ ಪಕ್ಕ ಕೂತೋರೇ ಅಲ್ಲ. ಬೀಗ ಮುರಿದಿಲ್ಲ. ಇರೋದು ಎರಡೇ ಬೀಗದ ಕೈ, ಗಂಗುಲಪ್ಪನದಲ್ಲದ ಇನ್ನೊಂದು ನಿಮ್ಮ ಹತ್ರ ಇದೆ."

ವೆಂಕಟರಾಯಪ್ಪ ಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. "ಸುಡೋಕೆ ಮನಸ್ಸು ಬರಲಿಲ್ಲ," ಎಂದರು. "ಮೂವತ್ತು ವರ್ಷ ಕಂಡವರ ಪುಸ್ತಕಕ್ಕೆ ಮುನ್ನುಡಿ ಬರೆದೆ. ಬರೋ ತಿಂಗಳು ರಿಟೈರು. ನನ್ನ ಹೆಸರಲ್ಲಿ ಒಂದೂ ಇಲ್ಲ."

"ನಮ್ಮಮ್ಮನ ಹೆಸರಲ್ಲೂ ಇದೊಂದೇ ಸ್ವಾಮಿ," ಎಂದಳು ಬೈರಮ್ಮ.

ವೆಂಕಟರಾಯಪ್ಪ ಬೀಗದ ಕೈಯನ್ನೂ ಇಟ್ಟು ಹೊರಟುಹೋದರು. ಗಂಗುಲಪ್ಪ ಅವರ ಕಡೆ ನೋಡಲಿಲ್ಲ. ಮೊಳೆ ಪೆಟ್ಟಿಗೆಯ ಮುಂದೆ ನಿಂತು ಮೊದಲನೇ ಪುಟಕ್ಕೆ ಮುನಿಯಲ್ಲಮ್ಮ ಎಂಬ ಹೆಸರು ಜೋಡಿಸಿದ. ಆಮೇಲೆ ತಿರುಗಿ ಕೇಳಿದ.

"ಪದದಲ್ಲಿ ಈ ಸೊನ್ನೆಗಳು ಬೇಕೇನಮ್ಮಾ? ಕೈ ಸರಿ ಇದ್ದಿದ್ರೆ ಇರ್ತಾನೇ ಇರಲಿಲ್ಲ."

ಶ್ಯಾಮಲಾ ಬೈರಮ್ಮನ ಮುಖ ನೋಡಿದಳು.

"ಇರಲಿ," ಎಂದಳು ಬೈರಮ್ಮ. "ನೋವಲ್ಲೇ ಬೀಸಿದ್ಲಲ್ಲ."