ಬೈಯುವುದನ್ನು ಬಿಟ್ಟ ಡಾಕ್ಟರು

ಆ ಶನಿವಾರ ಸಂಜೆ ಹಲ್ಲಿನ ಡಾಕ್ಟರು ನನ್ನ ಜೊತೆ ಜಗಳವಾಡದೆ ಹೋದರು. ನನಗೆ ರಾತ್ರಿ ಊಟವೇ ಸೇರಲಿಲ್ಲ.

ನಮ್ಮದು ವೈನ್ ಅಂಗಡಿ. ಅಪ್ಪ ಇಟ್ಟಿದ್ದು, ಈಗ ನಾನೂ ಅಕ್ಕನೂ ನೋಡಿಕೊಳ್ಳುತ್ತೇವೆ. ಬಾಟಲಿಗಳು ನನ್ನ ಪಾಲಿಗೆ. ಗಲ್ಲಾಪೆಟ್ಟಿಗೆಯೂ ನನಗೆ ಬುದ್ಧಿ ಹೇಳುವ ಕೆಲಸವೂ ಅಕ್ಕನ ಪಾಲಿಗೆ. ಡಾಕ್ಟರ ಕ್ಲಿನಿಕ್ಕು ರಸ್ತೆಯ ಆಚೆ ಬದಿ. ವಾರವಿಡೀ ಕಂಡವರ ಬಾಯಿಗೆ ಕೈ ಹಾಕುವ ಆಕೆ ಬಿಡುವಿನಲ್ಲಿ 'ಅಗ್ಗದ ಗ್ಲಾಸು' ಎಂಬ ಬ್ಲಾಗ್ ಬರೆಯುತ್ತಾರೆ. ಜೇಬಿಗೆ ಭಾರವಾಗದ ವೈನುಗಳಲ್ಲಿ ಯಾವುದನ್ನು ಕುಡಿಯಬಹುದು, ಯಾವುದನ್ನು ಸಿಂಕಿಗೆ ಸುರಿಯಬೇಕು ಎಂದು ಮುಲಾಜಿಲ್ಲದೆ ಹೇಳುವ ಬ್ಲಾಗ್. ಅದಕ್ಕಾಗಿ ಶನಿವಾರ ಕ್ಲಿನಿಕ್ ಮುಚ್ಚಿ ನಮ್ಮಲ್ಲಿಗೆ ಬರುತ್ತಿದ್ದರು. ನಾನೊಂದು ಅಗ್ಗದ ಬಾಟಲಿ ತೆರೆದು ಇಬ್ಬರಿಗೂ ಬಗ್ಗಿಸುತ್ತಿದ್ದೆ. ಅವರು ಗ್ಲಾಸಿನೊಳಗೆ ಮೂಗು ತೂರಿಸಿ, ಕಣ್ಣು ಮುಚ್ಚಿ, ಆಮೇಲೆ ಎಡಗಡೆಯ ಹುಬ್ಬು ಮಾತ್ರ ಮೇಲೆತ್ತುತ್ತಿದ್ದರು.

ಆ ಹುಬ್ಬು ಎದ್ದಿತೆಂದರೆ ನನ್ನ ಕಥೆ ಮುಗಿದಂತೆ.

"ಅಂಗಡಿಯವರೇ, ಇದು ವೈನಾ, ಕೆಮ್ಮಿನ ಸಿರಪ್ಪಾ?"

"ಈ ಬೆಲೆಗೆ ಇನ್ನೇನು ಬರುತ್ತೆ ಡಾಕ್ಟ್ರೇ?"

"ಮರ್ಯಾದೆ ಬರುತ್ತೆ. ಹೋದ ವಾರ ಇದಕ್ಕಿಂತ ಕಡಿಮೆಗೆ ಬಂದಿತ್ತು."

ಹೀಗೆ ಅರ್ಧ ಗಂಟೆ. ನಾನು ವಾರವಿಡೀ ಕಾಯುತ್ತಿದ್ದುದು ಆ ಅರ್ಧ ಗಂಟೆಗೆ. ಬೈಯುವಾಗ ಅವರ ಕಣ್ಣಂಚಿನಲ್ಲಿ ತುಂಟ ನಗುವೊಂದು ಇಣುಕಿ ಮರೆಯಾಗುತ್ತಿತ್ತು. ಅದನ್ನು ನೋಡಲೆಂದೇ ನಾನು ಕೆಲವೊಮ್ಮೆ ಬೇಕಂತಲೇ ಕೆಟ್ಟ ಬಾಟಲಿ ಆರಿಸಿದ್ದುಂಟು. ಮನಸ್ಸಿನಲ್ಲಿದ್ದುದನ್ನು ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಹೇಳಿ, ಅವರು ಬೇಡವೆಂದು, ಶನಿವಾರವೂ ಕೈತಪ್ಪಿದರೆ?

ನಡುವೆ ಅವರಿಗೊಂದು ಕೆಟ್ಟ ಜ್ವರ ಬಂತು. ಕೆಲವು ದಿನ ಕ್ಲಿನಿಕ್ ಬಾಗಿಲು ಹಾಕಿತ್ತು. ಮತ್ತೆ ಬಂದಾಗ ಆಕೆಯೇ ಬೇರೆ. ಗ್ಲಾಸ್ ಎತ್ತುವುದು, ಒಂದು ಗುಟುಕು ಕುಡಿಯುವುದು, "ಚೆನ್ನಾಗಿದೆ" ಎನ್ನುವುದು, ಹೊರಡುವುದು. ಬ್ಲಾಗಿನಲ್ಲೂ ಸಿಕ್ಕ ಸಿಕ್ಕ ವೈನಿಗೆಲ್ಲ ಹೊಗಳಿಕೆ.

"ಏನೋ ಮಾಡಿದೆ ಅವಳಿಗೆ?" ಎಂದು ಅಕ್ಕ ನನ್ನನ್ನೇ ಹಿಡಿದುಕೊಂಡಳು.

"ನಾನೇನು ಮಾಡಿದೆ ಅಕ್ಕಾ? ಏನೂ ಮಾಡ್ಲಿಲ್ಲ."

"ಅದೇ ನಾನೂ ಹೇಳ್ತಿರೋದು. ಇಷ್ಟು ದಿನ ಏನೂ ಮಾಡ್ಲಿಲ್ಲ ನೀನು. ಅವಳಿಗೂ ಸಾಕಾಗಿರುತ್ತೆ."

ಆ ಮಾತು ತಲೆಯಲ್ಲೇ ಕೂತಿತು. ಅದರ ಮೇಲೆ ಮಂಗಳವಾರದ ಬ್ಲಾಗ್ ಬಂತು. ವೈನಿನ ಸುದ್ದಿಯೇ ಇಲ್ಲ. 'ಓದುಗರೇ, ಈ ಬ್ಲಾಗಿನಿಂದ ನಿಮಗೆ ಏನು ಬೇಕು? ನಿಜ ಹೇಳಿ. ಏನೂ ಬೇಡ, ನಿಲ್ಲಿಸಿಬಿಡಿ ಎಂದರೂ ಬೇಸರವಿಲ್ಲ.'

ಬ್ಲಾಗ್ ನಿಂತರೆ ಅವರಿಗೆ ನಮ್ಮ ಅಂಗಡಿಯಲ್ಲೇನು ಕೆಲಸ?

ಓದುಗರು ತಮತಮಗೆ ಬೇಕಾದ್ದನ್ನು ಬರೆಯುತ್ತಿದ್ದರು. ಮಾರನೇ ದಿನ ತಲೆನೋವು ಬಾರದ ವೈನ್ ಒಬ್ಬರಿಗೆ. ಮಾವನ ಮನೆಗೆ ಒಯ್ದರೆ ದುಬಾರಿ ಎಂದು ಕಾಣುವ ಬಾಟಲಿ ಇನ್ನೊಬ್ಬರಿಗೆ. ಬಾಟಲಿ ತೆರೆಯುವುದನ್ನು ಮೊದಲು ಕಲಿಸಿ ತಾಯಿ ಎಂದು ಬೇಡಿಕೊಂಡವರೂ ಇದ್ದರು. ನಾನು ಬರೆದು, ಅಳಿಸಿ, ಮತ್ತೆ ಬರೆದು, 'ಖಾಲಿ ಬಾಟಲಿ' ಎಂಬ ಹೆಸರಿನಲ್ಲಿ ಕಡೆಗೂ ಕಳಿಸಿದೆ: 'ಬೈಗುಳ ಬೇಕು. ನೀವು ಹೊಗಳಲು ಶುರು ಮಾಡಿದ ಮೇಲೆ ಶನಿವಾರಗಳೇ ರುಚಿಸುತ್ತಿಲ್ಲ.'

ಶನಿವಾರ ಅವರು ಬಂದರು. ತುಸು ಸೊರಗಿದ್ದರು. ಗಾಬರಿಯಲ್ಲಿದ್ದ ನಾನು ಬಾಟಲಿ ತೆರೆದವನೇ ಮೂಸಿಯೂ ನೋಡದೆ ಇಬ್ಬರಿಗೂ ಬಗ್ಗಿಸಿದೆ. ಅವರು ಮೂಗಿಗೆ ಹಿಡಿದರು, ಗುಟುಕರಿಸಿದರು.

"ಚೆನ್ನಾಗಿದೆ. ಒಳ್ಳೆ ಹಣ್ಣಿನ ಪರಿಮಳ. ಬರೀತೀನಿ."

ನಾನು ನನ್ನ ಗ್ಲಾಸ್ ಎತ್ತಿದೆ. ಮಳೆಯಲ್ಲಿ ನೆಂದ ರಟ್ಟಿನ ಡಬ್ಬದ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಬಿರಡೆ ಕೆಟ್ಟು ಇಡೀ ಬಾಟಲಿಯನ್ನು ಕೆಡಿಸಿತ್ತು. ಇದನ್ನು ಹಣ್ಣು ಎನ್ನುವುದೇ? ನನಗೆ ಅಳುವೇ ಬಂದಂತಾಯಿತು. ಬೈಯುವಷ್ಟು ಆಸಕ್ತಿಯೂ ಉಳಿದಿಲ್ಲ ಇವರಿಗೆ, ಬೇಗ ಎದ್ದು ಹೋದರೆ ಸಾಕಾಗಿದೆ.

"ಡಾಕ್ಟ್ರೇ, ಇಲ್ಲಿಗೆ ಬರೋಕೆ ಇಷ್ಟ ಇಲ್ಲ ಅಂದ್ರೆ ಹೇಳಿಬಿಡಿ. ಹೀಗೆ ಶಾಸ್ತ್ರಕ್ಕೆ ಕುಡಿದು ಹೋಗಬೇಡಿ."

"ಏನು ಹಾಗಂದ್ರೆ?"

"ಈ ವೈನ್ ಹಾಳಾಗಿದೆ. ಬಾಗಿಲ ಹೊರಗೆ ನಿಂತವರಿಗೂ ಗೊತ್ತಾಗುತ್ತೆ."

ಅವರ ಮುಖ ಬಿಳಿಚಿಕೊಂಡಿತು. ಗ್ಲಾಸನ್ನು ಮತ್ತೆ ಮೂಗಿಗೆ ಹಿಡಿದರು, ಬಹಳ ಹೊತ್ತು. ಆಮೇಲೆ ಅಲ್ಲೇ ಇದ್ದ ಖಾಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತರು.

"ನನಗೆ ಗೊತ್ತಾಗಲ್ಲ. ಜ್ವರ ಬಂದು ಹೋದ ಮೇಲೆ ಮೂಗು ಸತ್ತುಹೋಗಿದೆ. ಹುಳಿ, ಸಿಹಿ ಅಷ್ಟೇ ನಾಲಿಗೆಗೆ. ನನ್ನ ಕ್ಲಿನಿಕ್ಕಿನಲ್ಲಿ ಲವಂಗದೆಣ್ಣೆ ಚೆಲ್ಲಿದ್ರೂ ತಿಳಿಯಲ್ಲ."

"ಅಷ್ಟೇನಾ?"

ಬಾಯಿಂದ ಜಾರಿಹೋಯಿತು. ತಪ್ಪು ಮಾತು, ಗೊತ್ತು. ಆದರೆ ಎದೆಯ ಮೇಲಿದ್ದ ಕಲ್ಲು ಉರುಳಿದ ಕ್ಷಣದಲ್ಲಿ ಮಾತು ತೂಕ ಮಾಡಿ ಆಡಲು ಯಾರಿಗೆ ಬರುತ್ತದೆ? ಅವರು ಎದ್ದು ನಿಂತರು. ಎಡಗಡೆಯ ಹುಬ್ಬು ನಿಧಾನವಾಗಿ ಮೇಲೇರಿತು.

"ಅಷ್ಟೇನಾ? ಅಷ್ಟೇನಾ ಅಂತೀಯಲ್ಲ, ಮನುಷ್ಯನೇನಯ್ಯ ನೀನು? ಬ್ಲಾಗ್ ಬರೆಯೋಳಿಗೆ ಮೂಗೇ ಇಲ್ಲ! ಜನ ನನ್ನ ಮಾತು ನಂಬಿ ದುಡ್ಡು ಕೊಡ್ತಾರೆ. ಹೇಳೋಕೂ ಆಗದೆ ಬಿಡೋಕೂ ಆಗದೆ ಒದ್ದಾಡ್ತಿದ್ದೀನಿ, ಇವನಿಗೆ ಅಷ್ಟೇನಾ ಅಂತೆ! ಹಲ್ಲು ಕಿಸಿಯೋದು ಬೇರೆ ನೋಡು!"

ನಾನು ನಿಜಕ್ಕೂ ಕಿವಿಯಿಂದ ಕಿವಿಗೆ ಹಲ್ಲು ಕಿರಿದು ನಿಂತಿದ್ದೆ. ಎಷ್ಟು ಚೆನ್ನಾಗಿ ಬೈಯುತ್ತಿದ್ದರು!

"ನಿಮಗೆ ನನ್ನ ಮುಖ ನೋಡೋಕೇ ಬೇಜಾರಾಗಿದೆ ಅಂದ್ಕೊಂಡಿದ್ದೆ" ಎಂದೆ.

"ಅದಕ್ಕೇ ಆ 'ಖಾಲಿ ಬಾಟಲಿ' ಅಷ್ಟೊಂದು ಗೋಳಾಡಿದ್ನಾ?"

"ಯಾವ ಬಾಟಲಿ?"

"ಬ್ಲಾಗ್ ಬರೋದು ಮಂಗಳವಾರ ಅಂಗಡಿಯವರೇ. ಶನಿವಾರ ರುಚಿಸಲ್ಲ ಅನ್ನೋ ಓದುಗ ಊರಿಗೆಲ್ಲ ಒಬ್ಬನೇ."

ನಾನು ಕೆಟ್ಟ ವೈನನ್ನೇ ಒಂದು ಗುಟುಕು ಕುಡಿದು ಮುಖ ಮುಚ್ಚಿಕೊಂಡೆ. ಅವರ ಧ್ವನಿ ತಗ್ಗಿತು.

"ನಿಲ್ಲಿಸಿ ಅಂತ ನಾಲ್ಕು ಜನ ಬರೆದ್ರೂ ನಿಲ್ಲಿಸೋಣ ಅಂತಿದ್ದೆ. ಆಮೇಲೆ ಭಯ ಆಯ್ತು. ಬ್ಲಾಗ್ ಇಲ್ಲ ಅಂದ್ರೆ ಇಲ್ಲಿಗೆ ಏನು ನೆಪ ಹೇಳ್ಕೊಂಡು ಬರ್ಲಿ?"

"ಏನಂದ್ರಿ?"

"ಕಿವಿನೂ ಹೋಯ್ತಾ? ನನಗೆ ಮೂಗಿಲ್ಲ, ನಿಮಗೆ ಕಿವಿಯಿಲ್ಲ. ಒಳ್ಳೆ ಜೋಡಿ."

ಜೋಡಿ ಎಂದವರೇ ನಾಲಿಗೆ ಕಚ್ಚಿಕೊಂಡರು. ಕೆನ್ನೆ ಕೆಂಪಾಯಿತು. ಇಷ್ಟು ದಿನ ಹುಡುಕಿದರೂ ಸಿಗದ ಧೈರ್ಯ ನನಗೆ ಆ ಕೆಂಪಿನಲ್ಲಿ ಸಿಕ್ಕಿತು.

"ನೆಪ ಬೇಡ ಡಾಕ್ಟ್ರೇ. ನೀವು ಬಂದ್ರೆ ಸಾಕು. ನನಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ."

ಅವರು ಕೌಂಟರಿನ ಮೇಲೆ ಬೆರಳಿನಿಂದ ಏನೋ ಗೀಚುತ್ತ ನಿಂತರು.

"ಮೂಗಿನ ಡಾಕ್ಟ್ರು ಗ್ಯಾರಂಟಿ ಕೊಟ್ಟಿಲ್ಲ. ವಾಪಸ್ ಬರಬಹುದಂತೆ, ಬರದೇನೂ ಇರಬಹುದಂತೆ. ಬರಲೇ ಇಲ್ಲ ಅಂದ್ರೆ?"

"ನನಗೊಂದು ಮೂಗಿದೆಯಲ್ಲ. ಇಬ್ಬರಿಗೂ ಸಾಕು. ಬ್ಲಾಗಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆದುಬಿಡಿ, ಮೂಸೋನು ನಾನು ಅಂತ. ಬೈಯೋ ಬಾಯಿ ಮಾತ್ರ ನಿಮ್ಮದೇ ಆಗಿರಲಿ."

ಅವರು ನಕ್ಕರು. ಕಣ್ಣಂಚಿನಲ್ಲಿ ಇಣುಕಿ ಓಡುವ ನಗುವಲ್ಲ. ಮುಖವಿಡೀ ತುಂಬಿಕೊಂಡು, ಕಣ್ಣೀರನ್ನೂ ಜೊತೆಗೆ ಕರೆತಂದ ನಗು. ಕೌಂಟರಿನ ಮೇಲಿದ್ದ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು.

"ಕೈ ಇಷ್ಟು ತಣ್ಣಗಿದೆ! ಹೆದರಿದ್ರಾ?"

"ಪ್ರಾಣ ಹೋಗೋವಷ್ಟು."

"ನಾನೂ" ಎಂದರು, ಕೈ ತೆಗೆಯಲಿಲ್ಲ.

ಗಲ್ಲಾಪೆಟ್ಟಿಗೆಯ ಹಿಂದೆ, ಲೆಕ್ಕದಲ್ಲಿ ಮುಳುಗಿದಂತೆ ಇಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ಅಕ್ಕ, ಇಡೀ ಅಂಗಡಿಗೆ ಕೇಳುವಂತೆ ಉಸಿರು ಬಿಟ್ಟು "ಸದ್ಯ!" ಎಂದಳು.