ಹೆಂಚು ಇಳಿಸಿದ ಚರ್ಚಿನಲ್ಲಿ

ಬಡಗಿಯ ಮಗಳಿಗೆ ಅವನನ್ನು ಕಂಡ ಗಳಿಗೆಯಲ್ಲೇ ತಾತ್ಸಾರ ಹುಟ್ಟಿತು. ಅದೇನೂ ಹೊಸದಲ್ಲ. ಜಗತ್ತಿನ ಮುಕ್ಕಾಲು ಪಾಲು ಜನರ ಮೇಲೆ ಅವಳಿಗೆ ತಾತ್ಸಾರವಿತ್ತು. ಉಳಿದ ಕಾಲು ಪಾಲಿನವರನ್ನು ಅವಳಿನ್ನೂ ಭೇಟಿಯಾಗಿರಲಿಲ್ಲ.

ಹಳೆಯ ಚರ್ಚಿನ ಚಾವಣಿಯನ್ನು ಮತ್ತೆ ಗಟ್ಟಿಮಾಡುವ ಕೆಲಸ ಅವಳದು. ಅಪ್ಪ ಹೆಸರಾಂತ ಬಡಗಿ. ಮಂಡಿನೋವು ಶುರುವಾದ ಮೇಲೆ ಸಾರವೆ ಹತ್ತುವುದನ್ನು ಬಿಟ್ಟು, ಕೆಳಗೆ ಕುರ್ಚಿ ಹಾಕಿ ಕೂತು, ಮೇಲಿದ್ದ ಮಗಳಿಗೆ ಬುದ್ಧಿ ಹೇಳುವ ಕೆಲಸಕ್ಕೆ ಇಳಿದಿದ್ದ. ಮಗಳು ಕೇಳಿಸಿದರೂ ಕೇಳಿಸದವಳಂತೆ ಉಳಿ ಹೊಡೆಯುತ್ತಿದ್ದಳು.

ಆವತ್ತು ಒಂದು ಬದಿಯ ಹೆಂಚುಗಳನ್ನೆಲ್ಲ ಇಳಿಸಿಯಾಗಿತ್ತು. ಬಣ್ಣದ ಗಾಜಿನ ಮೂಲಕ ಸೋಸಿ ಬಂದ ಬೆಳಕನ್ನಷ್ಟೇ ಕಂಡಿದ್ದ ಒಳಗೋಡೆಗಳ ಮೇಲೆ ಬಿಸಿಲು ಧಾರಾಳವಾಗಿ ಸುರಿಯುತ್ತಿತ್ತು. ಆ ಬಿಸಿಲಿನ ನಟ್ಟನಡುವೆ ಕರಿ ಕೋಟಿನವನೊಬ್ಬ ಮೂಗಿಗೆ ಕರವಸ್ತ್ರ ಹಿಡಿದು ಬಂದು ನಿಂತ.

"ರೀ, ಆ ಸದ್ದು ಸ್ವಲ್ಪ ನಿಲ್ಲಿಸೋಕಾಗುತ್ತಾ? ನಾನು ಪ್ರಾಕ್ಟೀಸ್ ಮಾಡ್ಬೇಕು."

"ಯಾಕಾಗಲ್ಲ? ಚಾವಣಿ ತಾನಾಗೇ ರಿಪೇರಿ ಆಗೋದಾದ್ರೆ ಈಗಲೇ ನಿಲ್ಲಿಸ್ತೀನಿ."

"ಆರ್ಗನ್ ಒಳಗೆ ಧೂಳು ಹೋಗ್ತಿದೆ."

"ನನ್ನ ಮೂಗೊಳಗೂ ಹೋಗ್ತಿದೆ. ನಾನೇನು ನಿಮ್ಮ ಹತ್ರ ದೂರು ತಂದಿದ್ನಾ?"

ಅವನು ಕರವಸ್ತ್ರ ಇಳಿಸಿದ. ಮುಖವೇನೋ ಚೆನ್ನಾಗಿಯೇ ಇತ್ತು. ಇಂಥವರಿಗೆಲ್ಲ ಮುಖ ಚೆನ್ನಾಗಿಯೇ ಇರುತ್ತದೆ ಎಂದು ಅವಳು ಮನಸ್ಸಿನಲ್ಲೇ ಮೂಗು ಮುರಿದಳು.

"ಸದ್ದನ್ನ ಹೇಗೋ ಸಹಿಸ್ಕೋಬಹುದು," ಎಂದ ಅವನು, "ಆದ್ರೆ ನೀವು ಹಾಡ್ತೀರಲ್ಲ, ಅದು ಕಷ್ಟ. ಅದನ್ನ ಕೇಳಿದ ಮೇಲೂ ಹುಳಗಳು ಇನ್ನೂ ಮರದಲ್ಲೇ ಇದಾವೆ ಅಂದ್ರೆ ಅವಕ್ಕೆ ಕಿವಿ ಇಲ್ಲ ಅಂತಲೇ ಅರ್ಥ."

ಕೆಳಗೆ ಕೂತಿದ್ದ ಅಪ್ಪ ಕಿಸಕ್ಕನೆ ನಕ್ಕುಬಿಟ್ಟ. ಅವಳು ಅಪ್ಪನನ್ನೂ ತಾತ್ಸಾರದ ಪಟ್ಟಿಗೆ ಸೇರಿಸಿಕೊಂಡಳು.

ಆಮೇಲೆ ತಿಳಿಯಿತು, ಅವನು ಚರ್ಚಿನ ಆರ್ಗನ್ ನುಡಿಸುವವನೆಂದು. ಕಮಿಟಿಯ ಅಧ್ಯಕ್ಷನ ಅಕ್ಕನ ಮಗ. ತಾಯಿ ಇಲ್ಲದ ಹುಡುಗನನ್ನು ಸೋದರಮಾವನೇ ಸಾಕಿ, ಸಂಗೀತ ಕಲಿಸಿ, ಈ ಕೆಲಸದಲ್ಲಿ ಕೂರಿಸಿದ್ದನಂತೆ. ಅವಳು ಅವನಿಗೆ 'ಪೀಪಿ' ಎಂದು ಹೆಸರಿಟ್ಟಳು. ಅವನು ಅವಳಿಗೆ 'ಮರಕುಟಿಗ' ಎಂದು ಹೆಸರಿಟ್ಟ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವಂತೆ, ಅವಳು ಸುತ್ತಿಗೆ ಎತ್ತಿದಾಗಲೇ ಅವನು ಬಾಜಿಸಲು ಕೂರುತ್ತಿದ್ದ. ಅವನು ಕೂತಾಗಲೇ ಅವಳಿಗೆ ಮೊಳೆ ಕೀಳುವುದು ನೆನಪಾಗುತ್ತಿತ್ತು.

ಆದರೆ ಮೇಲಿನಿಂದ ನೋಡುವವರಿಗೆ ಒಂದು ತೊಂದರೆಯಿದೆ. ಕೆಳಗಿನದೆಲ್ಲ ಕಾಣುತ್ತದೆ.

ಮಧ್ಯಾಹ್ನದ ಬಿಸಿಲು ಜಂತಿಗಳ ನಡುವೆ ಪಟ್ಟೆಪಟ್ಟೆಯಾಗಿ ಇಳಿದು ಅವನ ಕೈಗಳ ಮೇಲೆ ಬೀಳುತ್ತಿತ್ತು. ಅವನು ಕೋಟು ಬಿಚ್ಚಿ, ತೋಳು ಮಡಚಿ, ಕಣ್ಣು ಮುಚ್ಚಿ ನುಡಿಸುತ್ತಿದ್ದ. ಬೆರಳುಗಳು ಓಡುತ್ತಿದ್ದವು, ತಡೆಯುತ್ತಿದ್ದವು, ಏನೋ ಮರೆತವರಂತೆ ಹಿಂದಕ್ಕೆ ಬರುತ್ತಿದ್ದವು. ಒಮ್ಮೆ ಅವಳು ಸುತ್ತಿಗೆ ಎತ್ತಿದವಳು ಹಾಗೇ ನಿಂತುಬಿಟ್ಟಳು.

"ಏನಮ್ಮಾ, ಮೊಳೆ ಸಿಗ್ಲಿಲ್ವಾ?" ಅಪ್ಪ ಕೂಗಿದ.

ಪೀಪಿ ಕಣ್ಣು ತೆರೆದು ಮೇಲೆ ನೋಡಿದ. ಅವಳು ಮುಖ ತಿರುಗಿಸಲು ಅರೆಕ್ಷಣ ತಡಮಾಡಿದಳು. ಆ ಅರೆಕ್ಷಣಕ್ಕಾಗಿ ದಿನವಿಡೀ ತನ್ನನ್ನೇ ಬೈದುಕೊಂಡಳು. 'ಥೂ, ನಾಚಿಕೆಯಾಗಬೇಕು. ಕೋಟು ಬಿಚ್ಚಿದ ಗಂಡಸನ್ನ ನೋಡಿಲ್ವೇನೇ ನೀನು?'

ಮರುದಿನ ಅವನು ಬಂದವನೇ ಮೇಲೆ ನೋಡದೆ ಕೇಳಿದ: "ನಿನ್ನೆ ಸುತ್ತಿಗೆ ನಿಂತಿತ್ತಲ್ಲ. ಮರ ಮೆತ್ತಗಿತ್ತೋ, ಮನಸ್ಸು ಮೆತ್ತಗಿತ್ತೋ?"

"ನೀವು ತಪ್ಪು ಬಾಜಿಸಿದ್ರಿ. ಯಾರು ಸತ್ರೋ ಅಂತ ಗಾಬರಿಯಾಗಿ ನಿಂತೆ."

ಅವನು ಬಾಯ್ತುಂಬ ನಕ್ಕ. ಆ ನಗು ಖಾಲಿ ಚರ್ಚಿನಲ್ಲಿ ಒಂದು ಸುತ್ತು ಹಾಕಿ ಅವಳಿದ್ದಲ್ಲಿಗೆ ಬಂತು.

ಆ ವಾರವೇ ತೊಲೆಯ ಸಂಗತಿ ಬಯಲಾಯಿತು. ಎರಡು ಗೋಡೆಗಳ ನಡುವೆ ಚಾವಣಿಯ ಭಾರವೆಲ್ಲ ಹೊತ್ತ ಮುಖ್ಯ ತೊಲೆ. ಅದರ ಒಂದು ತುದಿ ಗೋಡೆಯೊಳಗೆ ಕೊಳೆತು ಹೋಗಿತ್ತು. ಹೊರಗೆ ನೋಡಿದರೆ ಬಣ್ಣ ಬಳಿದ ಗಟ್ಟಿ ಮರ. ಮೇಲೆ ತಳುಕು, ಒಳಗೆ ಹುಳುಕು. ಕೊಳೆತ ಭಾಗವನ್ನು ಕತ್ತರಿಸಿ ಹೊಸ ಮರ ಕಚ್ಚಿಸಬೇಕು, ಅಲ್ಲಿಯತನಕ ಚರ್ಚು ಮುಚ್ಚಬೇಕು ಎಂದು ಅವಳು ಹೇಳಿದಳು.

ಅಧ್ಯಕ್ಷ ಧಾವಿಸಿ ಬಂದ. ತಿಂಗಳ ಕೊನೆಗೆ ಮಗಳ ಮದುವೆ ಅದೇ ಚರ್ಚಿನಲ್ಲಿ. "ಏನಮ್ಮಾ, ಇಷ್ಟು ಕಾಲ ಬೀಳದೆ ಇರೋ ತೊಲೆ ನನ್ನ ಮಗಳ ಮದುವೆ ದಿನವೇ ಬೀಳುತ್ತಾ? ಮೇಲೊಂದು ಹಲಗೆ ಹೊಡೆದು ಬಣ್ಣ ಬಳಿ. ಮದುವೆ ಮುಗಿದ ಮೇಲೆ ನೋಡ್ಕೊಳ್ಳೋಣ. ಮೇಲೆ ಯಾರು ನೋಡ್ತಾರೆ?"

"ಮೇಲೆ ಯಾರೂ ನೋಡಲ್ಲ ಅನ್ನೋರು ಚರ್ಚಿಗೆ ಯಾಕೆ ಬರ್ತೀರಿ ಸಾರ್?"

ಅಧ್ಯಕ್ಷನ ಕಿವಿ ಕೆಂಪಾಯಿತು. ಕಮಿಟಿಯ ಮುಂದೆ ಮಾತಾಡೋಣ, ಹೇಳಿದ್ದು ಮಾಡುವ ಬಡಗಿಗಳು ಬೇಕಾದಷ್ಟು ಜನ ಇದ್ದಾರೆ ಎಂದು ಹೇಳಿ ಹೊರಟ.

ಸಂಜೆ ಅವಳು ತೊಲೆಯ ಪಕ್ಕ ಕೂತಿದ್ದಾಗ ಸಾರವೆ ಅಲುಗಿತು. ನೋಡಿದರೆ ಪೀಪಿ! ಕಂಬಿಯನ್ನು ತಬ್ಬಿಕೊಂಡು, ಬೆವರು ಸುರಿಸುತ್ತ, ಕೆಳಗೆ ನೋಡದೆ ಹತ್ತಿ ಬರುತ್ತಿದ್ದ.

"ಓಹೋ, ಮಾವನ ತುತ್ತೂರಿ ಬಂತು," ಎಂದಳು. "ಊದಿ, ಊದಿ. ಕೇಳಿಸ್ಕೋತೀನಿ."

"ಮಾವ ಕಳಿಸಿದ್ದು ನಿಜ." ಅವನ ಉಸಿರು ಮೇಲೆ ಕೆಳಗಾಗುತ್ತಿತ್ತು. "ನಿಮ್ಮನ್ನ ಒಪ್ಪಿಸು ಅಂದ್ರು. ನೋಡದೆ ಹೇಗೆ ಒಪ್ಪಿಸಲಿ? ಎಲ್ಲಿ, ತೋರ್ಸಿ."

ಅವಳು ಅವನ ಮಣಿಕಟ್ಟು ಹಿಡಿದು, ಆ ಕೈಯನ್ನು ತೊಲೆಯ ಪೊಟರೆಯೊಳಗೆ ತೂರಿಸಿದಳು. ಮೊಣಕೈವರೆಗೂ ಹೋಯಿತು. ಹೊರಗೆ ತೆಗೆದಾಗ ಬೆರಳ ತುಂಬ ಒದ್ದೆ ಮರದ ಪುಡಿ. ಅವನು ಆ ಪುಡಿಯನ್ನು ನೋಡಿದ. ಆಮೇಲೆ, ಹತ್ತುವಾಗ ನೋಡದಿದ್ದ ಕೆಳಗಿನ ಬೆಂಚುಗಳ ಸಾಲನ್ನು ನೋಡಿದ.

"ಇದರ ಕೆಳಗೆ ಜನ ಕೂರ್ತಾರೆ," ಎಂದ.

"ನಿಮ್ಮ ಆರ್ಗನ್ನೂ ಕೂರುತ್ತೆ."

"ಹಾಳಾಗ್ಲಿ ಆರ್ಗನ್ನು. ನೀವು ದಿನಾ ಇದರ ಮೇಲೆ ಓಡಾಡ್ತಿದ್ರಾ?"

ಅವನ ಮಣಿಕಟ್ಟನ್ನು ತಾನು ಇನ್ನೂ ಹಿಡಿದೇ ಇರುವುದು ಆಗ ಅವಳ ಗಮನಕ್ಕೆ ಬಂತು. ಬಿಟ್ಟಳು. ಅವನು ಇಳಿಯುವಾಗ ಹೆಜ್ಜೆ ತಪ್ಪದಂತೆ ಕಾವಲಿದ್ದಳು, ಬೈಯುತ್ತಲೇ: "ಎಡಗಾಲು. ಅದು ಬಲಗಾಲು ಮಾರಾಯ್ರೆ. ಸಂಗೀತಗಾರರಿಗೆ ಎಡ ಬಲ ಹೇಳ್ಕೊಡಲ್ವಾ?"

ಮರುದಿನದ ಸಭೆ ಚರ್ಚಿನೊಳಗೇ ನಡೆಯಿತು, ಇನ್ನೂ ಹೆಂಚಿರುವ ಬದಿಯಲ್ಲಿ. ಅವಳು ಕಂಡದ್ದನ್ನು ಹೇಳಿದಳು. ಕಮಿಟಿಯವರು ತಮ್ಮ ತಮ್ಮ ಬೂಟುಗಳನ್ನು ಮೊದಲ ಸಲ ಕಂಡವರಂತೆ ನೋಡತೊಡಗಿದರು. ಪಾದ್ರಿಗಳು ಕನ್ನಡಕ ಒರೆಸಿಕೊಂಡರು. ಬೆನ್ನೆಲುಬು ಇಲ್ಲದ ಇಷ್ಟು ಜನ ನೆಟ್ಟಗೆ ಕೂತಿರುವುದೇ ದೊಡ್ಡ ಪವಾಡ ಎಂದುಕೊಂಡಳು ಅವಳು.

"ಬಡಗಿಗಳಿಗೆ ಕೆಲಸ ಬೆಳೆಸೋ ಚಟ," ಅಧ್ಯಕ್ಷ ನಕ್ಕ. "ನನ್ನ ಸೋದರಳಿಯನೇ ಹತ್ತಿ ನೋಡಿ ಬಂದಿದ್ದಾನೆ. ಹೇಳಪ್ಪ."

ಪೀಪಿ ಎದ್ದ. "ತೊಲೆ ಕೊಳೆತಿದೆ ಮಾವ. ಅದನ್ನ ಸರಿ ಮಾಡೋವರೆಗೂ ನಾನು ಇಲ್ಲಿ ನುಡಿಸಲ್ಲ. ಮದುವೆಗೂ ನುಡಿಸಲ್ಲ."

ಅಧ್ಯಕ್ಷ ದಡಬಡಿಸಿ ಎದ್ದ.

"ಉಂಡ ಮನೆಗೆ ಎರಡು ಬಗೀತೀಯೇನೋ?" ಅಧ್ಯಕ್ಷನ ದನಿ ಒಡೆಯಿತು. "ಇವತ್ತಿಂದ ಆ ಆರ್ಗನ್ ಮುಟ್ಟಬೇಡ. ನನ್ನ ಮನೆ ಬಾಗಿಲನ್ನೂ ತುಳೀಬೇಡ!"

ಆಗ ಹಿಂದಿನ ಬೆಂಚಿನಲ್ಲಿ ಸಭೆ ಕೇಳುತ್ತ ಕೂತಿದ್ದ ಮದುಮಗಳೇ ಎದ್ದಳು. "ಅಪ್ಪಾ, ನೀವು ಅವನನ್ನ ಏನು ಬೇಕಾದ್ರೂ ಮಾಡ್ಕೊಳ್ಳಿ. ನಾನಂತೂ ಈ ಚಾವಣಿ ಕೆಳಗೆ ಮದುವೆ ಆಗಲ್ಲ. ಬೇರೆ ಚರ್ಚು ನೋಡಿ."

ಅಲ್ಲಿಗೆ ಮುಗಿಯಿತು. ಬಾಯಿ ಸತ್ತಿದ್ದ ಕಮಿಟಿಯವರೆಲ್ಲ ತಾವೂ ಇದನ್ನೇ ಹೇಳಬೇಕೆಂದಿದ್ದೆವು ಎಂದರು. ತೊಲೆಯ ಕೆಲಸಕ್ಕೆ ಒಪ್ಪಿಗೆ ಸಿಕ್ಕಿತು. ಪೀಪಿಯ ಪರವಾಗಿ ಮಾತ್ರ ಒಬ್ಬನೂ ತುಟಿ ಬಿಚ್ಚಲಿಲ್ಲ.

ಆಮೇಲೆ ಚರ್ಚಿನಲ್ಲಿ ಸುತ್ತಿಗೆಯ ಸದ್ದೊಂದೇ. ನಿಲ್ಲಿಸಿ ಅನ್ನುವವರಿಲ್ಲ. ಅವಳಿಗೆ ಹಾಡು ಬಾಯಿಗೆ ಬರಲಿಲ್ಲ. 'ಸದ್ಯ, ಪೀಡೆ ತೊಲಗಿತು,' ಎಂದು ಅಪ್ಪನ ಮುಂದೆ ಅಂದಳು. ಅಪ್ಪ ಅವಳ ಮುಖವನ್ನು ನೋಡಿ ಏನೂ ಹೇಳಲಿಲ್ಲ. ಬಾಯಿ ಮುಚ್ಚಿಕೊಂಡ ಅಪ್ಪನನ್ನು ಅವಳು ಕಂಡದ್ದು ಅದೇ ಮೊದಲು.

ಹೊಸ ಮರವನ್ನು ಕೂರಿಸುವ ದಿನ ಅವನು ಬಂದ. ಕೈಯಲ್ಲಿ ಸೂಟ್‌ಕೇಸು. ಅದನ್ನು ಅಪ್ಪನ ಕುರ್ಚಿಯ ಪಕ್ಕ ಇಟ್ಟು, ಕಂಬಿ ತಬ್ಬಿಕೊಳ್ಳುತ್ತಲೇ ಮೇಲೆ ಹತ್ತಿದ.

"ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ದೊಡ್ಡ ಚರ್ಚು, ಒಳ್ಳೆ ಆರ್ಗನ್. ಮಧ್ಯಾಹ್ನದ ಬಸ್ಸು."

"ಸಂತೋಷ," ಎಂದಳು ಅವಳು, ಉಳಿಯ ಅಂಚನ್ನು ಪರೀಕ್ಷಿಸುತ್ತ. "ಹೋಗಿ. ಅಲ್ಲಿನ ಜನಕ್ಕೆ ಕಿವಿ ಕಡಿಮೆ ಇರ್ಲಿ ಅಂತ ಹಾರೈಸ್ತೀನಿ."

"ಇಲ್ಲೇ ಇದ್ರೆ ಮನೆಮನೆಗೆ ಹೋಗಿ ಪಾಠ ಹೇಳ್ಬೇಕು."

"ಅಂದ್ರೆ ಉಪವಾಸ."

"ಹೌದು. ಅದಕ್ಕೇ, ಹೋಗೋಕೆ ಮುಂಚೆ ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಬಂದೆ." ಅವನು ಕಂಬಿಯಿಂದ ಒಂದು ಕೈ ಬಿಡಿಸಿಕೊಂಡ. "ನಿಮಗೆ ನನ್ನ ಕಂಡ್ರೆ ಆಗಲ್ಲ, ಗೊತ್ತು. ನನಗೂ ನಿಮ್ಮನ್ನ ಕಂಡ್ರೆ ಆಗ್ತಿರ್ಲಿಲ್ಲ. ಈಗ ಕಾಣದೇ ಇದ್ರೆ ಆಗಲ್ಲ. ಇರ್ಲಾ, ಹೋಗ್ಲಾ?"

ಅವಳ ಕೈಯಲ್ಲಿ ಉಳಿ ನಿಂತಿತು. ನಾಲಗೆಯ ತುದಿಗೆ ಒಂದು ಚುಚ್ಚುಮಾತು ಬಂತು, ಒಳ್ಳೆಯದೇ ಇತ್ತು. ಹೇಳಿದರೆ ಅವನು ಇಳಿದು ಹೋಗುತ್ತಾನೆ ಎನ್ನುವುದೂ ಗೊತ್ತಿತ್ತು. ಗಂಟಲಲ್ಲೇ ನುಂಗಿಕೊಂಡಳು.

"ಕಾಣಲ್ವಾ, ಕೆಲಸದಲ್ಲಿದೀನಿ," ಎಂದಳು. ದನಿ ಗದರಿಕೆಯದೇ, ಕಣ್ಣು ಮಾತ್ರ ತೇವವಾಗಿತ್ತು. "ಸುಮ್ನೆ ನಿಂತು ಏನ್ ನೋಡ್ತೀಯ? ಆ ತುದಿ ಹಿಡ್ಕೋ. ಎರಡೂ ಕೈಯಲ್ಲಿ. ಅಲುಗಾಡಿಸಬೇಡ."

ಅವನು ಕಂಬಿಯನ್ನು ಪೂರ್ತಿ ಬಿಟ್ಟ. ಎರಡೂ ಕೈಯಲ್ಲಿ ಮರ ಹಿಡಿದ. ಅವಳು ಸುತ್ತಿಗೆ ಬೀಸಿದಳು. ಹೊಸ ಮರ ಹಳೆಯ ತೊಲೆಯೊಳಕ್ಕೆ ಇಷ್ಟಿಷ್ಟೇ ಸರಿದು ಕಚ್ಚಿಕೊಂಡಿತು. ಬೆವರು ಒರೆಸಿಕೊಳ್ಳುತ್ತ ತಲೆ ಎತ್ತಿದಾಗ ಅವನ ಮುಖ ಅಂಗೈ ಅಗಲದಷ್ಟು ದೂರದಲ್ಲಿತ್ತು. ಈ ಸಲ ಅವಳು ಮುಖ ತಿರುಗಿಸಲಿಲ್ಲ.

ಕೆಳಗಿನಿಂದ ಅಪ್ಪ ಕೂಗಿದ: "ಅಮ್ಮಾ, ಬಸ್ಸು ಹೊರಟು ಹೋಯ್ತು ಕಣೇ!"

"ಹೋಗ್ಲಿ ಬಿಡಪ್ಪಾ," ಎಂದಳು ಅವಳು. "ಅವನ ಪೆಟ್ಟಿಗೆ ನೆರಳಿಗಿಡು."