ಬಿಚ್ಚಿಹೋದ ಕೆಂಪು ಎಳೆ

ಸಂಗ್ರಹಾಲಯದ ಮೇಲ್ವಿಚಾರಕ ಏದುಸಿರು ಬಿಡುತ್ತ ಬಂದಾಗ ನಮ್ಮ ದನದ ಡಾಕ್ಟರು ಎಮ್ಮೆಯ ಗಾಯಕ್ಕೆ ಹೊಲಿಗೆ ಹಾಕುತ್ತಿದ್ದರು. ಅವರ ಕಾಂಪೌಂಡರ್ ನಾನು, ಕೊಂಬು ಹಿಡಿದಿದ್ದೆ.

“ದಾರ ಕಳುವಾಗಿದೆ, ಡಾಕ್ಟ್ರೇ!”

“ದಾರಕ್ಕೂ ಪತ್ತೇದಾರಿಕೆಯಾ?” ಊರಲ್ಲಿ ಏನು ಕಳುವಾದರೂ ತಮ್ಮನ್ನೇ ಕರೆಯುತ್ತಾರೆಂದು ಡಾಕ್ಟರು ರೇಗಿದರು. ಬೀಗದ ಕೈ ಇಟ್ಟುಕೊಂಡಿದ್ದ ತಪ್ಪಿಗೆ ಗುಡಿಸುವಾಕೆಯನ್ನು ಕೆಲಸದಿಂದ ತೆಗೆದಿದ್ದಾರೆಂದು ಕೇಳಿದ ಮೇಲೆಯೇ ಎದ್ದರು.

ಸಂಗ್ರಹಾಲಯದ ಗೋಡೆಯ ಮೇಲೆ ದೊಡ್ಡ ಬಟ್ಟೆಯ ಭೂಪಟ. ಪಟ್ಟಣ ಎಂಬರ್ಥದ ‘ಮದೀನಾ’ ಎಂಬ ಅರಬ್ಬೀ ಮಾತು ಎಲ್ಲೆಲ್ಲಿಗೆ ಹೋಯಿತೆಂದು, ಅಲ್ಲೇ ನಿಂತಿದ್ದ ಭಾಷಾಶಾಸ್ತ್ರದ ಪ್ರೊಫೆಸರಮ್ಮ ಮನೆಯಲ್ಲಿ ತಾವೇ ಹೊಲಿದದ್ದು. ನೀಲಿ ಎಳೆಗಳು ಉತ್ತರ ಆಫ್ರಿಕದ ಹಳೇ ಪೇಟೆಗಳಿಗೆ, ಮಾಲ್ಟಾ ದ್ವೀಪಕ್ಕೆ, ಸ್ಪೇನಿನ ಊರುಗಳಿಗೆ ಹರಿದಿದ್ದವು. ಇಲ್ಲವಾಗಿದ್ದದ್ದು ಒಂದೇ ಕೆಂಪು ಎಳೆ. ಆ ಮಾತು ಅರಬ್ಬಿಗೆ ಅರಾಮಿಕ್ ಎಂಬ ಹಳೇ ನುಡಿಯಿಂದ ಬಂತು, ಅಲ್ಲಿ ಅದು ನ್ಯಾಯಾಧಿಕಾರ ನಡೆಯುವ ಸೀಮೆ ಎಂದು ತೋರಿಸುತ್ತಿದ್ದ ಎಳೆ.

“ಆ ದಾರದಲ್ಲಿ ನನ್ನ ಮಗಳ ಲಂಗದ ಅಂಚೂ ಆಗಲ್ಲ, ಅಣ್ಣಾ,” ಗುಡಿಸುವಾಕೆ ಅತ್ತಳು.

ಡಾಕ್ಟರು ಬಟ್ಟೆಯನ್ನು ಹಿಂದುಮುಂದು ನೋಡಿದರು. ಸುಕ್ಕಿಲ್ಲ, ಕತ್ತರಿಸಿದ ತುಂಡಿಲ್ಲ. ಬಲ ಅಂಚಿನ ಮಡಿಕೆಯಲ್ಲಿ ಗೇಣುದ್ದದ ಹೊಲಿಗೆ ಮಾತ್ರ ಹೊಸದಾಗಿತ್ತು. “ತಲೆ ಕೆಟ್ಟುಹೋಯ್ತು,” ಎಂದು ಗೊಣಗಿ ಕೇಳಿದರು, “ಪ್ರೊಫೆಸರಮ್ಮ, ಸಂಜೆ ಉದ್ಘಾಟನೆಗೆ ಮತ್ತೆ ಹೊಲೀಬಹುದಾ?”

“ಬೇಡ ಬಿಡಿ, ಹಾಗೇ ಇರಲಿ,” ಅಂದರು ಆಕೆ.

ಮಧ್ಯಾಹ್ನ ಡಾಕ್ಟರು ಎಲ್ಲರನ್ನೂ ಭೂಪಟದ ಮುಂದೆ ಕರೆಸಿದರು. “ಕಳ್ಳರು ಕತ್ತರಿಸ್ತಾರೆ, ಇಲ್ಲ ಜಗ್ಗುತ್ತಾರೆ. ಇಲ್ಲಿ ಗಂಟು ಬಿಚ್ಚಿ ಒಂದೊಂದೇ ಹೊಲಿಗೆ ತೆಗೆದಿದ್ದಾರೆ. ಗಂಟು ಮಡಿಕೆಯೊಳಗಿತ್ತು. ಆ ಮಡಿಕೆಯನ್ನ ಬಿಚ್ಚಿ ಮತ್ತೆ ಹೊಲಿದಿದ್ದಾರೆ. ಹೊರಗಿಂದ ಕಾಣದ ಗಂಟು ಯಾರಿಗೆ ಗೊತ್ತಿರುತ್ತೆ? ಹಾಕಿದವರಿಗೆ. ಕಳಕೊಂಡದ್ದು ವಾಪಸ್ ಬೇಡ ಅಂದವರೂ ಅವರೇ.”

ಪ್ರೊಫೆಸರಮ್ಮ ಕೈಚೀಲದಿಂದ ಕೆಂಪು ದಾರ ಹೊರತೆಗೆದರು. “ಇಷ್ಟು ವರ್ಷ ಅದು ಅರಬ್ಬಿಯಲ್ಲೇ ಹುಟ್ಟಿದ ಮಾತು ಅಂತ ಪಾಠ ಮಾಡಿದೆ. ತಪ್ಪು ಗೊತ್ತಾಗಿ ಕೆಂಪು ಎಳೆ ಹೊಲಿದೆ. ಹಳೇ ಶಿಷ್ಯರೆಲ್ಲ ಬರ್ತಾರೆ ಅಂದಾಗ ನಾಚಿಕೆಯಾಯ್ತು. ನಿನ್ನೆ ಬಾಗಿಲು ಹಾಕೋ ಮುಂಚೆ ನಾನೇ ಬಿಚ್ಚಿದೆ.”

“ನಾಚಿಕೆ ನಿಮಗೆ, ಕೆಲಸ ಹೋಗಿದ್ದು ಇವಳಿಗೆ! ಬೆಳಿಗ್ಗೆಯಿಂದ ಬಾಯಿ ಬಿಡಲಿಲ್ಲವಲ್ಲ ತಾಯಿ!” ಡಾಕ್ಟರು ಸಿಡುಕಿದರು.

ಮೇಲ್ವಿಚಾರಕ ಕೆಮ್ಮಿದ. “ಆಯ್ತಮ್ಮ, ನಾಳೆಯಿಂದ ಬಾ.”

“ಕಳ್ಳಿ ಅಂತ ಎಲ್ಲರ ಮುಂದೆ ಅಂದ್ರಿ. ಅಲ್ಲ ಅಂತಲೂ ಎಲ್ಲರ ಮುಂದೆ ಅನ್ನಿ, ಆಮೇಲೆ ನೋಡ್ತೀನಿ,” ಎಂದು ಆಕೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ಸಂಜೆ ಶಿಷ್ಯರು ತುಂಬಿದಾಗ, ಮತ್ತೆ ಹೊಲಿಯತೊಡಗಿದ್ದ ಕೆಂಪು ಎಳೆ ಅರ್ಧವಷ್ಟೇ ಮುಗಿದಿತ್ತು. ಪ್ರೊಫೆಸರಮ್ಮ ಸೂಜಿ ಹಿಡಿದೇ ಎದ್ದು, ಬಿಚ್ಚಿದ್ದು ತಾವೇ, ಆಕೆ ಕಳ್ಳಿಯಲ್ಲ ಎಂದು ಮೊದಲು ಗುಡಿಸುವಾಕೆಯ ಕ್ಷಮೆ ಕೇಳಿದರು, ಆಮೇಲೆ ತಪ್ಪು ಪಾಠಕ್ಕಾಗಿ ಶಿಷ್ಯರದ್ದು. ಹೊರಗೆ ಕೂತಿದ್ದಾಕೆ ಕೊನೆತನಕ ಕೇಳಿಸಿಕೊಂಡಳು. ಒಳಗೆ ಬಂದವಳು ಯಾರ ಮುಖವನ್ನೂ ನೋಡದೆ, ನಿಂತಿದ್ದವರಿಗೆ ಕುರ್ಚಿ ಹಾಕತೊಡಗಿದಳು.